ವೇಗವೂ ವೋಲ್ಟೇಜೂ: ಗ್ರಾಫಿಕ್ಸ್ ಕಾರ್ಡಿನ ಒಂದು ಇತಿಹಾಸ

ಕಲಬುರಗಿಯ ಕೋಟೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. 1367ರ ಜಾಮಿ ಮಸೀದಿಯ ಕಮಾನುಗಳ ಕೆಳಗೆ ಓಡಾಡಿ ಬಂದವರು ಬಾರಾ ಗಜಿ ತೋಪಿನ ಬಳಿಯೂ ನಿಲ್ಲದೆ ಹೋಗುವುದಿಲ್ಲ. ಸುಮಾರು 29 ಅಡಿ ಉದ್ದದ ಆ ತೋಪನ್ನು ಕಂಡ ಹುಡುಗರಿಗೆ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದರಲ್ಲಿ ಇನ್ನಷ್ಟು ಮದ್ದು ತುಂಬಿದರೆ ಗುಂಡು ಇನ್ನೂ ದೂರ ಹೋಗುತ್ತಿತ್ತಲ್ಲವೇ? ಹೋಗುತ್ತಿತ್ತು, ಒಂದು ಮಿತಿಯವರೆಗೆ. ಆ ಮಿತಿ ದಾಟಿದರೆ ತೋಪೇ ಸಿಡಿಯುತ್ತದೆ. 1460ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸ್ ರಾಕ್ಸ್‌ಬರೋ ಕೋಟೆಗೆ ಮುತ್ತಿಗೆ ಹಾಕಿದ್ದಾಗ ತನ್ನ ಕಡೆಯದೇ ತೋಪು ಸಿಡಿದು ಸತ್ತ. ಆದುದರಿಂದ ಅನುಭವಸ್ಥ ಗೋಲಂದಾಜನು ಲೋಹ ತಾಳುವ ಮಿತಿಗಿಂತ ಸಾಕಷ್ಟು ಕೆಳಗೇ ಮದ್ದಿನ ಅಳತೆಯನ್ನು ನಿಲ್ಲಿಸುತ್ತಿದ್ದ. ಈ ನಡುವಿನ ಜಾಗಕ್ಕೆ ನಾವು ಸುರಕ್ಷತೆಯ ಅಂತರ ಎಂದು ಹೆಸರಿಡೋಣ.

ಇಂದಿನ ವಿಷಯ ತೋಪಲ್ಲ. ಅದೇ ಕೋಟೆಯ ಸುತ್ತಲಿನ ಓಣಿಯ ಮನೆಯಲ್ಲಾಗಲಿ, ಕಮಲಾಪುರದ ಮನೆಯಲ್ಲಾಗಲಿ, ನೀವು ಆಟ ಆಡಲು ಇಟ್ಟುಕೊಂಡಿರುವ ಕಂಪ್ಯೂಟರು. ಅದರಲ್ಲಿಯೂ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು. ಆ ಕಾರ್ಡಿನಲ್ಲಿಯೂ ತಯಾರಕರು ಇಂಥದೇ ಒಂದು ಅಂತರವನ್ನು ಬಿಟ್ಟಿರುತ್ತಾರೆ. ಅದನ್ನು ವೇಗಕ್ಕೆ ಬಳಸಿಕೊಂಡರೆ ಓವರ್‌ಕ್ಲಾಕಿಂಗ್. ವಿದ್ಯುತ್ತನ್ನು ಉಳಿಸಲು, ಬಿಸಿಯನ್ನು ತಗ್ಗಿಸಲು ಬಳಸಿಕೊಂಡರೆ ಅಂಡರ್‌ವೋಲ್ಟಿಂಗ್. ಮೊದಲನೆಯದಕ್ಕೆ ಪ್ರಚಾರ ಹೆಚ್ಚು. ಆದರೆ ಕಳೆದ ನಾಲ್ಕು ದಶಕಗಳ ಚಿಪ್ ಚರಿತ್ರೆಯನ್ನು ತಿರುವಿ ಹಾಕಿದರೆ ಎರಡನೆಯದೇ ಅದರ ಹೆದ್ದಾರಿ ಎಂದು ನನಗೆ ತೋರುತ್ತದೆ.

ಮೊದಲು ಯಂತ್ರ ನಡೆಯುವ ಬಗೆಯನ್ನು ತಿಳಿಯೋಣ. ಚಿಪ್ಪಿನೊಳಗಿನ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಒಂದು ತಾಳಕ್ಕೆ ಸರಿಯಾಗಿ ಕೆಲಸ ಮಾಡುತ್ತವೆ. ಆ ತಾಳವೇ ಕ್ಲಾಕ್. ನಲ್ಲಿಯ ಕೆಳಗೆ ಒಂದು ಕೊಡ ಇಟ್ಟಿದ್ದೀರಿ, ಪಕ್ಕದಲ್ಲಿ ಒಬ್ಬ ತಮಟೆ ಬಾರಿಸುತ್ತಿದ್ದಾನೆ ಎಂದುಕೊಳ್ಳಿ. ಪ್ರತಿ ಪೆಟ್ಟಿಗೂ ಒಂದು ಕೊಡ ತುಂಬಿರಬೇಕು. ತಮಟೆಯ ವೇಗ ಹೆಚ್ಚಿದರೆ ಕೊಡ ಅರ್ಧಕ್ಕೇ ಉಳಿಯುತ್ತದೆ. ಚಿಪ್ಪಿನಲ್ಲಿ ಅದು ತಪ್ಪು ಲೆಕ್ಕ. ನಲ್ಲಿಯಲ್ಲಿ ನೀರಿನ ಒತ್ತಡ ಹೆಚ್ಚಿಸಿದರೆ ಕೊಡ ಬೇಗ ತುಂಬುತ್ತದೆ. ಈ ಒತ್ತಡವೇ ವೋಲ್ಟೇಜು. ಹಾಗಾಗಿ ವೇಗ ಬೇಕೆಂದವರು ವೋಲ್ಟೇಜನ್ನೂ ಏರಿಸುತ್ತಾರೆ.

ಇಲ್ಲಿ ಒಂದು ಮಾತು. ನಮ್ಮ ಕಡೆ ‘ಲೋ ವೋಲ್ಟೇಜ್’ ಎಂದರೆ ಸಂಜೆ ಬಲ್ಬು ಕೆಂಪಗಾಗಿ ಫ್ಯಾನು ನಿಧಾನವಾಗುವುದು. ಅಂಡರ್‌ವೋಲ್ಟಿಂಗ್ ಅದಲ್ಲ. ಗೋಡೆಯಲ್ಲಿ ಬರುವ 230 ವೋಲ್ಟನ್ನು ಕಂಪ್ಯೂಟರಿನ ಎಸ್‌ಎಂಪಿಎಸ್ ಪೆಟ್ಟಿಗೆ 12 ವೋಲ್ಟಿಗೆ ಇಳಿಸುತ್ತದೆ. ಕಾರ್ಡಿನ ಮೇಲಿರುವ ಮತ್ತೊಂದು ವ್ಯವಸ್ಥೆ ಅದನ್ನು ಸುಮಾರು 1 ವೋಲ್ಟಿಗೆ ತಂದು ಚಿಪ್ಪಿಗೆ ಕೊಡುತ್ತದೆ. ನಾವು ಮುಟ್ಟುವುದು ಈ ಕೊನೆಯ ಮೆಟ್ಟಿಲನ್ನು ಮಾತ್ರ. ಅಲ್ಲಿಯ ಸಂಗತಿ ಬೆರಗು ಹುಟ್ಟಿಸುವಂಥದು. 300 ವ್ಯಾಟಿಗೆ ಗೋಡೆಯಿಂದ ಹರಿಯುವ ಪ್ರವಾಹ ಸುಮಾರು 1.3 ಆಂಪಿಯರ್. ಅದೇ 300 ವ್ಯಾಟನ್ನು 1 ವೋಲ್ಟಿನಲ್ಲಿ ಕೊಡಬೇಕಾದರೆ 300 ಆಂಪಿಯರ್ ಬೇಕು! ಅಂಗೈಯಲ್ಲಿ ಹಿಡಿಯಬಹುದಾದ ಚಿಪ್ಪಿನೊಳಗೆ ಅಷ್ಟು ಪ್ರವಾಹ ಹರಿದು ಕೊನೆಗೆ ಎಲ್ಲವೂ ಬಿಸಿಯಾಗಿ ಹೊರಬರುತ್ತದೆ.

ಈಗ ಪಿಯುಸಿ ಓದಿದವರಿಗೆ ಕಷ್ಟವಲ್ಲದ ಒಂದು ಲೆಕ್ಕ. ಟ್ರಾನ್ಸಿಸ್ಟರುಗಳು ಕೆಲಸ ಮಾಡುವಾಗ ಆಗುವ ವಿದ್ಯುತ್ ವ್ಯಯವು ಕ್ಲಾಕ್ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ಶೇಕಡಾ 10 ಹೆಚ್ಚಿಸಲು ವೋಲ್ಟೇಜನ್ನೂ ಶೇಕಡಾ 10 ಹೆಚ್ಚಿಸಬೇಕಾಯಿತೆನ್ನಿ. 1.1ರ ಘನ 1.33. ಅಂದರೆ ಹತ್ತು ಪಾಲು ವೇಗಕ್ಕೆ ಮೂವತ್ತಮೂರು ಪಾಲು ಹೆಚ್ಚು ಬಿಸಿ. ಈಗ ತಿರುಗಿಸಿ ನೋಡಿ. ವೇಗವನ್ನು ಹಾಗೆಯೇ ಬಿಟ್ಟು ವೋಲ್ಟೇಜನ್ನು 1.05ರಿಂದ 0.90ಕ್ಕೆ ಇಳಿಸಿದರೆ ವ್ಯಯ ಸುಮಾರು 0.73 ಪಾಲಿಗೆ ಇಳಿಯುತ್ತದೆ. ಆಟದ ವೇಗ ಅಷ್ಟೇ ಇದ್ದು ಬಿಸಿ ಕಾಲು ಭಾಗಕ್ಕಿಂತಲೂ ಹೆಚ್ಚು ಕಡಿಮೆ.

ಇನ್ನು ಇತಿಹಾಸಕ್ಕೆ ಬರೋಣ. 1984ರಲ್ಲಿ ಐಬಿಎಂ ಸಂಸ್ಥೆ ಪಿಸಿ ಎಟಿ ಎಂಬ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರ ವೇಗ 6 ಮೆಗಾಹರ್ಟ್ಸ್. ತಾಳ ಹಾಕುತ್ತಿದ್ದದ್ದು 12 ಮೆಗಾಹರ್ಟ್ಸ್‌ನ ಒಂದು ಸ್ಫಟಿಕ. ಅದನ್ನು ಕೈಯಿಂದಲೇ ಕಿತ್ತು ಬದಲಿಸಬಹುದಾಗಿತ್ತು. ಜಾಣರು 16 ಮೆಗಾಹರ್ಟ್ಸ್‌ನ ಸ್ಫಟಿಕ ತಂದು ಹಾಕಿ 8 ಮೆಗಾಹರ್ಟ್ಸ್ ಪಡೆದರು. ಇದನ್ನು ಕಂಡ ಐಬಿಎಂ, ವೇಗ ಮೀರಿದರೆ ಯಂತ್ರವೇ ಏಳದಂತೆ ಮುಂದಿನ ಬಯಾಸ್‌ನಲ್ಲಿ ಒಂದು ಪರೀಕ್ಷೆಯನ್ನು ಸೇರಿಸಿತು. ತಯಾರಕರಿಗೂ ಬಳಕೆದಾರರಿಗೂ ನಡುವಿನ ಈ ಜಗ್ಗಾಟ ಅಲ್ಲಿಂದ ಬಹುಕಾಲ ನಡೆಯಿತು. 1990ರ ದಶಕದಲ್ಲಿ ಇದಕ್ಕೆ ಮೋಸವೂ ಕೂಡಿಕೊಂಡಿತು. ಕಡಿಮೆ ವೇಗದ ಚಿಪ್ಪಿನ ಮೇಲಿನ ಅಂಕಿಯನ್ನು ಉಜ್ಜಿ ತೆಗೆದು, ಹೆಚ್ಚಿನ ವೇಗದ ಅಂಕಿ ಅಚ್ಚೊತ್ತಿ ಮಾರುವವರು ಹುಟ್ಟಿಕೊಂಡರು. ಇಂಟೆಲ್ ತನ್ನ ಚಿಪ್ಪುಗಳ ಗುಣಕಕ್ಕೆ ಬೀಗ ಹಾಕಿತು.

ಬೀಗ ಹಾಕಿದರೂ ಒಂದು ಕಿಟಕಿ ತೆರೆದೇ ಉಳಿದಿತ್ತು. 1998ರ ಆಗಸ್ಟಿನಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪಿನ ಕತೆಯನ್ನು ಹಳಬರು ಇಂದಿಗೂ ಹೇಳುತ್ತಾರೆ. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ಪು 450ರಲ್ಲಿ ಓಡುತ್ತಿತ್ತು. ಅದೇ ದಿನಗಳಲ್ಲಿ ಹಲವು ಪಟ್ಟು ಹೆಚ್ಚಿನ ಬೆಲೆಗೆ ಬಂದ 450ರ ಪೆಂಟಿಯಂ 2ರ ಸಮಕ್ಕೆ ಅದು ಆಟಗಳಲ್ಲಿ ನಿಲ್ಲುತ್ತಿತ್ತು. ಹಣವಿಲ್ಲದ ವಿದ್ಯಾರ್ಥಿಗಳಿಗೆ ಓವರ್‌ಕ್ಲಾಕಿಂಗ್ ಪ್ರಿಯವಾದದ್ದು ಹೀಗೆ. ಅದು ಚಪಲವಷ್ಟೇ ಆಗಿರಲಿಲ್ಲ, ಉಳಿತಾಯವೂ ಆಗಿತ್ತು. ಸ್ವಲ್ಪ ಕಾಲದಲ್ಲೇ ಗ್ರಾಫಿಕ್ಸ್ ಕಾರ್ಡುಗಳಿಗೂ ಇದೇ ಗೀಳು ಹತ್ತಿತು. ರಷ್ಯಾದ ಅಲೆಕ್ಸೇ ನಿಕೋಲಾಯ್‌ಚುಕ್ ಬರೆದ ರಿವಾಟ್ಯೂನರ್ ಎಂಬ ತಂತ್ರಾಂಶದಿಂದ ಕಾರ್ಡಿನ ವೇಗವನ್ನು ಪರದೆಯ ಮೇಲೆಯೇ ಬದಲಿಸಬಹುದಾಯಿತು. ಇಂದು ಬಹು ಮಂದಿ ಬಳಸುವ ಎಂಎಸ್‌ಐ ಆಫ್ಟರ್‌ಬರ್ನರ್ ಅದರಿಂದಲೇ ಬೆಳೆದದ್ದು.

ಇತ್ತ ಚಿಪ್ ತಯಾರಕರು ಮಾಡುತ್ತಿದ್ದುದೇನು? 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ಸೂತ್ರವನ್ನು ಮುಂದಿಟ್ಟಿದ್ದರು. ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡಿದಂತೆ ಅದೇ ಅನುಪಾತದಲ್ಲಿ ವೋಲ್ಟೇಜನ್ನೂ ಇಳಿಸಿದರೆ, ವೇಗ ಹೆಚ್ಚಿದರೂ ಅಷ್ಟೇ ಜಾಗದಲ್ಲಿ ಹುಟ್ಟುವ ಬಿಸಿ ಹೆಚ್ಚುವುದಿಲ್ಲ ಎಂಬುದು ಅದರ ಸಾರ. 1980ರ ದಶಕದ 5 ವೋಲ್ಟಿನಿಂದ 3.3ಕ್ಕೆ, ಸೆಲೆರಾನ್ ಕಾಲಕ್ಕೆ 2ಕ್ಕೆ, ಆಮೇಲೆ 1ರ ಆಸುಪಾಸಿಗೆ ವೋಲ್ಟೇಜು ಇಳಿಯುತ್ತಾ ಬಂದದ್ದು ಹೀಗೆ. ಇಡೀ ಉದ್ಯಮವೇ ಮೂವತ್ತು ವರ್ಷ ಅಂಡರ್‌ವೋಲ್ಟಿಂಗ್ ಮಾಡುತ್ತಾ ಬಂದಿತು ಎಂದರೆ ತಪ್ಪಾಗಲಾರದು. ಸುಮಾರು 2005ರ ಹೊತ್ತಿಗೆ ಈ ಇಳಿಜಾರು ಮುಗಿಯಿತು. ವೋಲ್ಟೇಜನ್ನು ಇನ್ನೂ ಇಳಿಸಹೋದರೆ ಆರಿಸಿದ ಟ್ರಾನ್ಸಿಸ್ಟರಿನಲ್ಲಿಯೂ ವಿದ್ಯುತ್ತು ಸೋರತೊಡಗಿತು. ಬಿಸಿ ತಾಳಲಾರದೆ ಇಂಟೆಲ್ 2004ರಲ್ಲಿ ಟೇಹಾಸ್ ಎಂಬ ತನ್ನ ಮುಂದಿನ ಚಿಪ್ಪಿನ ಯೋಜನೆಯನ್ನೇ ಕೈಬಿಟ್ಟಿತು.

ಆ ಮೇಲೆ ಟ್ರಾನ್ಸಿಸ್ಟರುಗಳ ಸಂಖ್ಯೆ ಏರಿತು, ಬಿಸಿಯೂ ಏರಿತು. 1999ರ ಜಿಫೋರ್ಸ್ 256 ಕಾರ್ಡು 120 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಮದರ್‌ಬೋರ್ಡಿನ ಕಿಂಡಿಯಿಂದ ಬರುವ ವಿದ್ಯುತ್ತೇ ಅದಕ್ಕೆ ಸಾಕಾಗಿತ್ತು. 2022ರ ಆರ್‌ಟಿಎಕ್ಸ್ 4090ರಲ್ಲಿ 7,600 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರುಗಳು; ಅದಕ್ಕೆ ಬೇಕಾದದ್ದು 450 ವ್ಯಾಟ್. ಇದರ ನಡುವೆ, 2012ರಲ್ಲಿ, ಎನ್‌ವಿಡಿಯಾ ತನ್ನ ಜಿಟಿಎಕ್ಸ್ 680 ಕಾರ್ಡಿನೊಂದಿಗೆ ಜಿಪಿಯು ಬೂಸ್ಟ್ ಎಂಬ ವ್ಯವಸ್ಥೆಯನ್ನು ತಂದಿತು. ಬಿಸಿಗೂ ವಿದ್ಯುತ್ತಿಗೂ ಅವಕಾಶವಿದ್ದಷ್ಟು ಕಾಲ ಕಾರ್ಡು ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಿಂದೆ ಬಳಕೆದಾರನಿಗೆ ಸಿಗುತ್ತಿದ್ದ ಅಂತರವನ್ನು ತಯಾರಕನೇ ಬಳಸಿಕೊಂಡಂತಾಯಿತು. 300ರ ಚಿಪ್ಪನ್ನು 450ಕ್ಕೆ ಓಡಿಸುವ ಕಾಲ ಅಲ್ಲಿಗೆ ಮುಗಿಯಿತು. ಇಂದು ಓವರ್‌ಕ್ಲಾಕಿಂಗಿನಿಂದ ಸಿಗುವುದು ಬಹುಮಟ್ಟಿಗೆ ಕೆಲವೇ ಶೇಕಡಾ.

ಆದರೆ ವೋಲ್ಟೇಜಿನ ಅಂತರ ಉಳಿದಿದೆ. ಒಂದೇ ಕಾರ್ಖಾನೆಯಲ್ಲಿ, ಒಂದೇ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೂ ಒಂದರಂತೆ ಒಂದಿರುವುದಿಲ್ಲ. ಕೆಲವು 0.9 ವೋಲ್ಟಿನಲ್ಲಿ ಮಾಡುವ ಕೆಲಸಕ್ಕೆ ಕೆಲವಕ್ಕೆ 1 ವೋಲ್ಟು ಬೇಕು. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಮಾರುವ ತಯಾರಕನು ತೀರ ದುರ್ಬಲವಾದುದಕ್ಕೂ ಸಾಕಾಗುವಷ್ಟು ವೋಲ್ಟೇಜನ್ನು ನಿಗದಿ ಮಾಡಲೇಬೇಕು. ಈ ಲೆಕ್ಕಗಳು ನಡೆಯುವುದು ದೂರದ ಅಮೆರಿಕದಲ್ಲಿ ಮಾತ್ರ ಎಂದುಕೊಳ್ಳಬೇಡಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಚಿಪ್ ವಿನ್ಯಾಸ ನಮ್ಮ ರಾಜ್ಯದ ಕಸುಬೂ ಆಗಿದೆ. ಗ್ರಾಫಿಕ್ಸ್ ಚಿಪ್ಪುಗಳನ್ನೂ ಮಾಡುವ ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಅಲ್ಲಿಯೇ ತೆರೆಯಿತು. ಇದೇ ಎಎಂಡಿಯ 2017ರ ವೇಗಾ ಕಾರ್ಡುಗಳು ಅಂಡರ್‌ವೋಲ್ಟಿಂಗಿಗೆ ಹೆಸರಾದವು. ವೋಲ್ಟೇಜು ಇಳಿಸಿದರೆ ಅವು ತಣ್ಣಗಾಗುವುದಲ್ಲದೆ, ಎಷ್ಟೋ ಸಲ ಮೊದಲಿಗಿಂತ ವೇಗವಾಗಿಯೂ ಓಡುತ್ತಿದ್ದವು. ಕಾರಣ ಸರಳ: ವಿದ್ಯುತ್ತಿನ ಮಿತಿಯೊಳಗೆ ಜಾಗ ದೊರೆಯಿತು, ಬೂಸ್ಟ್ ಆ ಜಾಗವನ್ನು ತುಂಬಿತು. ಹಗಲಿರುಳು ಈಥೀರಿಯಂ ನಾಣ್ಯ ಗಣಿ ಮಾಡುತ್ತಿದ್ದವರೂ 2022ರ ಸೆಪ್ಟೆಂಬರಿನಲ್ಲಿ ಆ ದಂಧೆ ನಿಲ್ಲುವವರೆಗೆ ಇದನ್ನೇ ಮಾಡುತ್ತಿದ್ದರು. ಕರೆಂಟ್ ಬಿಲ್ಲೇ ಅವರ ಬಂಡವಾಳವಾಗಿದ್ದುದರಿಂದ ಅವರಿಗೆ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಕಲಬುರಗಿಯವರಿಗೆ ಇದು ಏಕೆ ಮುಖ್ಯ? ಬಿಸಿಲಿನಿಂದ. ಕಾರ್ಡಿನ ಫ್ಯಾನು ಬೀಸುವುದು ಕೋಣೆಯ ಗಾಳಿಯನ್ನೇ. 25 ಡಿಗ್ರಿಯ ಕೋಣೆಯಲ್ಲಿ ಚಿಪ್ಪು 70 ಡಿಗ್ರಿಯಲ್ಲಿ ನಿಂತರೆ, ಅದೇ ಕೆಲಸಕ್ಕೆ 40 ಡಿಗ್ರಿಯ ಕೋಣೆಯಲ್ಲಿ ಅದು 85ರ ಹತ್ತಿರ ಹೋಗುತ್ತದೆ. ಅನೇಕ ಕಾರ್ಡುಗಳು 83ರ ಸುಮಾರಿಗೇ ವೇಗ ತಗ್ಗಿಸಿಕೊಳ್ಳತೊಡಗುತ್ತವೆ. ಮೇ ತಿಂಗಳ ಮಧ್ಯಾಹ್ನ ಶಹಾಬಾದ ಕಲ್ಲು ಹೊದಿಸಿದ ಮನೆಯೊಳಗೆ ಕುಳಿತು ವೋಲ್ಟೇಜು ಏರಿಸಿದ ಹುಡುಗ ಕೊನೆಗೆ ಪಡೆಯುವುದು ಕಡಿಮೆ ವೇಗವನ್ನೇ; ಜೊತೆಗೆ ಕೋಣೆಗೊಂದು ಒಲೆ ಹೊತ್ತಿಸಿದಂತೆ. 100 ವ್ಯಾಟ್ ಉಳಿಸಿದರೆ, ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 12 ಯೂನಿಟ್ ಉಳಿಯುತ್ತದೆ. ಬಿಲ್ಲು ಕಟ್ಟುವ ಅಪ್ಪನಿಗೆ ತೋರಿಸಬಹುದಾದ ಅಂಕಿ ಇದು.

ಮಾಡುವ ಬಗೆ ಕಠಿಣವಲ್ಲ, ತಾಳ್ಮೆ ಬೇಕು ಅಷ್ಟೆ. ಮೊದಲು ಕ್ಯಾಬಿನೆಟ್ಟಿನ ಧೂಳು ತೆಗೆಯಿರಿ. ನಮ್ಮೂರ ಧೂಳು ಅರ್ಧ ಕಾಯಿಲೆಗೆ ಮೂಲ. ಮನೆಯ ಏರ್ ಕೂಲರನ್ನು ತೆರೆದ ಕ್ಯಾಬಿನೆಟ್ಟಿಗೆ ಎದುರಾಗಿ ತಿರುಗಿಸಬೇಡಿ, ಅದು ತೇವವನ್ನೂ ತರುತ್ತದೆ. ವಾರಂಟಿ ಕಾಗದವನ್ನು ಓದಿಕೊಳ್ಳಿ. ಅನಂತರ ತಂತ್ರಾಂಶದಲ್ಲಿ ಕಾರ್ಡಿನ ಮೂಲ ವೋಲ್ಟೇಜು, ವೇಗ, ಉಷ್ಣತೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ವೇಗವನ್ನು ಹಾಗೆಯೇ ಇಟ್ಟು, ವೋಲ್ಟೇಜನ್ನು 0.025ರಂತೆ ಇಳಿಸುತ್ತಾ ಬನ್ನಿ. ಪ್ರತಿ ಮೆಟ್ಟಿಲಿನಲ್ಲಿಯೂ ಅರ್ಧ ಗಂಟೆಯಾದರೂ ಭಾರವಾದ ಆಟವನ್ನು ಓಡಿಸಿ ನೋಡಿ. ಎಲ್ಲೋ ಒಂದು ಕಡೆ ಪರದೆ ಕಪ್ಪಾಗುತ್ತದೆ, ಇಲ್ಲವೇ ಆಟ ನಿಂತುಹೋಗುತ್ತದೆ. ಹೆದರಬೇಕಾಗಿಲ್ಲ. ಹೆಚ್ಚು ವೋಲ್ಟೇಜು ಚಿಪ್ಪನ್ನು ಸವೆಸುತ್ತದೆ. ಕಡಿಮೆ ವೋಲ್ಟೇಜು ಲೆಕ್ಕ ತಪ್ಪಿಸುತ್ತದೆ, ಚಿಪ್ಪನ್ನು ಸುಡುವುದಿಲ್ಲ. ಒಂದೆರಡು ಮೆಟ್ಟಿಲು ಮೇಲೆ ಬಂದು ಅಲ್ಲಿ ನಿಲ್ಲಿಸಿ. ಕಾಲೇಜಿನ ಪ್ರಾಜೆಕ್ಟಿನಂಥ ಮುಖ್ಯ ಕೆಲಸವನ್ನು ಪರೀಕ್ಷೆ ಮುಗಿಯುವವರೆಗೆ ಆ ಯಂತ್ರದಲ್ಲಿ ತೆರೆಯಬೇಡಿ. ಜನವರಿಯ ರಾತ್ರಿ ಸರಿ ಹೋಯಿತೆಂದು ಬಿಟ್ಟ ಅಂಕಿಯನ್ನು ಮೇ ತಿಂಗಳಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಮತ್ತೊಮ್ಮೆ ಪರೀಕ್ಷಿಸಿ ನೋಡಿ.