ಅಸ್ತ್ರ ಒಲೇಲಿ ಕೆಂಡ ಯಾಕೆ ಉಳೀತಿರ್ಲಿಲ್ಲ?

ಹಳೇ ಮಣ್ಣಿನ ಒಲೇಲಿ ಅಡುಗೆ ಮುಗಿದ ಮೇಲೂ ಬೊಗಸೆಗಟ್ಟಲೆ ಕೆಂಡ ಉಳೀತಿತ್ತು. ನೀರು ಚಿಮುಕಿಸಿ ಇದ್ದಿಲು ಮಾಡಿ ಇಸ್ತ್ರಿ ಪೆಟ್ಟಿಗೆಗೋ, ಬಾಣಂತಿ ಮನೆ ಅಗ್ಗಿಷ್ಟಿಕೆಗೋ ಇಡೋರು. ಅಸ್ತ್ರ ಒಲೆ ಬಂದಾಗ ನಮ್ಮವ್ವನ ಮೊದಲ ದೂರೇ "ಇದ್ರಲ್ಲಿ ಕೆಂಡ ನಿಲ್ಲಲ್ಲ ಕಣಪ್ಪ" ಅಂತ.

ಸೌದೆ ಉರಿಯೋದು ಎರಡು ಹಂತದಲ್ಲಿ. ಮೊದಲು ಕಾವಿಗೆ ಹೊರಡೋ ಅನಿಲ ಜ್ವಾಲೆಯಾಗುತ್ತೆ, ಆಮೇಲೆ ಉಳಿಯೋದು ಇದ್ದಿಲು. ಇದ್ದಿಲಿಗೆ ಗಾಳಿ ಮೈಗೇ ತಾಗಬೇಕು. ಹಳೇ ಒಲೇಲಿ ಗಾಳಿ ಬಾಯಿಂದ ನುಗ್ಗಿ ಮೇಲೇ ಹಾದು ಹೋಗ್ತಿತ್ತು, ಕೆಂಡ ಬೂದಿಯೊಳಗೆ ಹೂತು ಕೂತಿರ್ತಿತ್ತು. ತೂಕಕ್ಕೆ ತೂಕ ನೋಡಿದ್ರೆ ಇದ್ದಿಲಿನ ಶಾಖ ಒಣ ಸೌದೆಗಿಂತ ಹತ್ತಿರಹತ್ತಿರ ಎರಡು ಪಟ್ಟು. ಅಂದ್ರೆ ಉಳಿದ ಕೆಂಡ ಪಾತ್ರೆಗೆ ಸಿಗದ ಶಾಖ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಶುರುವಾಯ್ತು. ಅವರ ಹಳ್ಳಿ ಕೇಂದ್ರ ಇದ್ದದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಸುತ್ತಲ ಪುರ ಮುಂತಾದ ಹಳ್ಳೀಲಿ ಲೆಕ್ಕ ಹಾಕಿದಾಗ ಉರುವಲಿನ ಸಿಂಹಪಾಲು ಅಡುಗೆ ಒಲೆಗೇ ಹೋಗ್ತಿದೆ ಅಂತ ಗೊತ್ತಾಯ್ತು. ಆಮೇಲೆ 80ರ ದಶಕದಲ್ಲಿ ಬಂದದ್ದು ಮೂರು ಪಾತ್ರೆಯ ಒಲೆ. ಸೌದೆ ಕೆಳಗೆ ಕಬ್ಬಿಣದ ಜಾಲರಿ, ಅದರಡಿ ಗಾಳಿ ಬರೋಕೆ ಜಾಗ, ಸೌದೆ ಬಾಯಿಗೆ ಮುಚ್ಚಳ, ಹಿಂದೆ ಹೊಗೆ ಕೊಳವೆ. ಕೊಳವೆ ಎಳೆದಂಗೆ ಗಾಳಿ ಜಾಲರಿ ಮೂಲಕ ಕೆಂಡದ ನಡುವೆಯೇ ಏರಬೇಕು. ಊದುಗೊಳವೆ ಕೆಲಸ ತಪ್ಪಿತು, ಕೆಂಡ ಬೂದಿಯಾಗೋ ತನಕ ಉರೀತು.

ಹಂಗಂತ ಗಾಳಿ ಜಾಸ್ತಿ ಆದಷ್ಟೂ ಒಳ್ಳೇದು ಅಲ್ಲ. ಬೇಡದ ಗಾಳಿ ಶಾಖಾನ ಹೊತ್ಕೊಂಡು ಕೊಳವೇಲಿ ಹೋಗುತ್ತೆ. ಮುಚ್ಚಳ ಇಟ್ಟಿದ್ದೇ ಅದಕ್ಕೆ. ಆದ್ರೆ ಉದ್ದದ ಸೌದೆ, ತೆಂಗಿನ ಮಟ್ಟೆ ಆ ಬಾಯಿಗೆ ಹಿಡೀತಿರ್ಲಿಲ್ಲ. ತುಂಡು ಮಾಡೋ ಪುರುಸೊತ್ತು ಯಾರಿಗಿತ್ತು? ಮುಚ್ಚಳ ಮೂಲೆ ಸೇರಿತು. ಗಾಳಿ ಮತ್ತೆ ಬಾಯಿಂದಲೇ. ಜಾಲರಿ ಅಡಿ ಬೂದಿ ಕಟ್ಟಿತು, ಕೊಳವೇಲಿ ಮಸಿ ಕಟ್ಟಿತು, ಹೊಗೆ ಮನೆಯೊಳಗೆ ವಾಪಸ್, ಕೆಂಡವೂ ವಾಪಸ್! ಕೇಂದ್ರ ಸರ್ಕಾರದ ಸುಧಾರಿತ ಒಲೆ ಯೋಜನೆ 2002ರ ಹೊತ್ತಿಗೆ ನಿಂತಿತು. ನನ್ನ ಕೇಳಿದ್ರೆ ಒಲೆ ಕೆಟ್ಟದ್ದಲ್ಲ, ಕಟ್ಟಿಕೊಟ್ಟ ಮೇಲೆ ಕೊಳವೆ ಗುಡಿಸೋಕೆ ಹೇಳಿಕೊಡೋರು ಬರಲಿಲ್ಲ.

ತಿಪಟೂರು ಕಡೆ ಚಿಪ್ಪಿನ ಇದ್ದಿಲು ಸುಡೋರದ್ದು ಇದೇ ಲೆಕ್ಕ, ತಿರುಗಾಮುರುಗಾ. ಉರಿ ಹತ್ತಿದ ಮೇಲೆ ಗಾಳಿ ಕಟ್ಟಿಬಿಡ್ತಾರೆ.

ಈಗ ಗ್ಯಾಸ್ ಬಂದ್ರೂ ಹಂಡೆ ಒಲೆ ಎಲ್ಲರ ಮನೇಲೂ ಇದೆ. ನಾಳೆ ಬೆಳಿಗ್ಗೆ ಬೂದಿ ಕೆದಕಿ ನೋಡಿ. ಕರೀ ಇದ್ದಿಲು ತುಂಬಾ ಸಿಕ್ರೆ ಅಡಿಯಿಂದ ಗಾಳಿ ಬರ್ತಿಲ್ಲ ಅಂತ. ಮೊದಲು ಬೂದಿ ತೆಗೀರಿ. ಆಮೇಲೂ ಉಳಿದ್ರೆ ಎರಡು ಇಟ್ಟಿಗೆ ಮೇಲೆ ಹಳೇ ಕಂಬಿ ಜೋಡಿಸಿ, ಅಡಿಯಲ್ಲಿ ನಾಲ್ಕು ಬೆರಳು ಜಾಗ ಬಿಡಿ.