ಗುಣದೋಷಗಳ ಪಟ್ಟಿ: ಸಿಂಪ್ಯೂಟರಿಗೆ ನಾನು ಕೊಟ್ಟ ಅಂಕಗಳು



ಕಳೆದ ವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಯಲಹಂಕದ ನಮ್ಮ ಮನೆಗೆ ಬಂದಿದ್ದರು. ಮಗಳು ಕಾಲೇಜಿಗೆ ಸೇರಿದ್ದಾಳೆ, ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಬೇಕು. ಹೊಸದಾಗಿ ಬಂದಿರುವ ಮೂರು ಮಾದರಿಗಳ ಗುಣಗಳನ್ನೂ ದೋಷಗಳನ್ನೂ ಹಾಳೆಯೊಂದರಲ್ಲಿ ಎರಡು ಅಂಕಣಗಳಾಗಿ ಬರೆದು ತಂದಿದ್ದರು. ಒಂದು ಹಗುರ, ಆದರೆ ಬೆಲೆ ಹೆಚ್ಚು. ಇನ್ನೊಂದು ವೇಗ, ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಮೂರನೆಯದು ಎಲ್ಲದರಲ್ಲಿಯೂ ಮಧ್ಯಮ. “ಸಾರ್, ಉತ್ತರಪತ್ರಿಕೆ ತಿದ್ದುತ್ತಿದ್ದಿರಲ್ಲ, ಹಾಗೆಯೇ ಇದಕ್ಕೂ ಅಂಕ ಹಾಕಿಕೊಡಿ” ಎಂದು ನಕ್ಕರು.

ನಾನೂ ನಕ್ಕೆ. ಆದರೆ ಆ ಹಾಳೆಯನ್ನು ನೋಡಿದಾಗಿನಿಂದ ಮನಸ್ಸಿನಲ್ಲಿ ಸಣ್ಣದೊಂದು ಮುಳ್ಳು ಆಡತೊಡಗಿತು. ಇಂಥದೇ ಒಂದು ಪಟ್ಟಿಯನ್ನು 2004ರ ಜೂನ್ ತಿಂಗಳಿನಲ್ಲಿ ನಾನು ಬರೆದಿದ್ದೆ. ಆ ಟಿಪ್ಪಣಿ ಪುಸ್ತಕ ಅಟ್ಟದ ಮೇಲಿನ ಟ್ರಂಕಿನಲ್ಲಿ ಇನ್ನೂ ಇದೆ. ಅದರಲ್ಲಿ ನಾನು ಅಂಕ ಕೊಟ್ಟಿದ್ದು ಸಿಂಪ್ಯೂಟರ್ ಎಂಬ ಯಂತ್ರಕ್ಕೆ. ನಿಮ್ಮಲ್ಲಿ ಕಿರಿಯರಾದವರು ಆ ಹೆಸರನ್ನು ಕೇಳಿರಲಾರಿರಿ. ಅದರ ಕಥೆಯನ್ನೂ, ಅದರ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಇಂದು ಹೇಳಬೇಕೆನಿಸಿದೆ.

ಸಿಂಪ್ಯೂಟರ್ ನಮ್ಮ ಉತ್ತರ ಬೆಂಗಳೂರಿನ ಕೂಸು. ಹೆಬ್ಬಾಳದಿಂದ ಹೊರವರ್ತುಲ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟರೆ ಬಿ.ಇ.ಎಲ್. ವೃತ್ತ ಸಿಗುತ್ತದೆ, ಅಲ್ಲಿಂದ ಯಶವಂತಪುರದ ಕಡೆಗೆ ಇಳಿದರೆ, ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ. ಈ ಎರಡರ ನಡುವಿನ ಕೆಲವೇ ಮೈಲಿಗಳಲ್ಲಿ ಆ ಯಂತ್ರದ ಬಹುಪಾಲು ಚರಿತ್ರೆ ನಡೆದುಹೋಯಿತು.

1998ರಲ್ಲಿ ಬೆಂಗಳೂರಿನಲ್ಲಿ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಒದಗಬೇಕೆಂಬ ಕುರಿತು ಅಂತರರಾಷ್ಟ್ರೀಯ ವಿಚಾರಗೋಷ್ಠಿಯೊಂದು ನಡೆಯಿತು. ಅಲ್ಲಿ ಮೊಳೆತ ಯೋಚನೆಯನ್ನು ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಜೊತೆಗೆ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ಕೈಗೆತ್ತಿಕೊಂಡು, ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿದರು. ಸರಳವೂ ಅಗ್ಗವೂ ಬಹುಭಾಷಿಕವೂ ಆದ ಜನಸಾಮಾನ್ಯರ ಗಣಕ ಎಂಬುದು ಆ ಹೆಸರಿನ ಅರ್ಥ. ಹಳ್ಳಿಯವರೆಲ್ಲರೂ ಒಂದೊಂದು ಯಂತ್ರ ಕೊಳ್ಳಬೇಕೆಂದು ಅವರು ಬಯಸಿರಲಿಲ್ಲ. ಪಂಚಾಯಿತಿಯೋ ಶಾಲೆಯೋ ಅಂಗಡಿಯವನೋ ಒಂದನ್ನು ಇಟ್ಟುಕೊಳ್ಳುವುದು. ಬಳಸುವವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡನ್ನು ಅದರೊಳಗೆ ತೂರಿಸಿ ಅದನ್ನು ತಮ್ಮದನ್ನಾಗಿ ಮಾಡಿಕೊಳ್ಳುವುದು. ಇದು ಅವರ ಕಲ್ಪನೆಯಾಗಿತ್ತು.

2001ರ ಏಪ್ರಿಲ್‌ನಲ್ಲಿ ಅದರ ಮೊದಲ ಮಾದರಿಯನ್ನು ಪ್ರದರ್ಶಿಸಲಾಯಿತು. ಅಂಗೈಯಗಲದ ಪೆಟ್ಟಿಗೆ, ಕೀಲಿಮಣೆ ಇಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿ ಕೆಲಸ ಮಾಡಬೇಕು. ಒಳಗೆ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ. ಬರಹವನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನೂ ಇದಕ್ಕಾಗಿ ರೂಪಿಸಲಾಗಿತ್ತು. ಯಂತ್ರಾಂಶದ ವಿನ್ಯಾಸವನ್ನು ಮುಚ್ಚಿಡದೆ, ಯಾರು ಬೇಕಾದರೂ ಪರವಾನಗಿ ಪಡೆದು ತಯಾರಿಸಲೆಂದು ಬಿಟ್ಟುಕೊಟ್ಟಿದ್ದು ಅಂದಿನ ಕಾಲಕ್ಕೆ ಅಪರೂಪದ ಔದಾರ್ಯ. ಅದೇ ವರ್ಷದ ಆರಂಭದಲ್ಲಿ ಆಪಲ್ ಕಂಪನಿಯ ಟೈಟಾನಿಯಂ ಹೊದಿಕೆಯ ಪವರ್‌ಬುಕ್ ಜಿ4 ಲ್ಯಾಪ್‌ಟಾಪ್ ಬಂದು ಜಗತ್ತಿನ ಕಣ್ಣು ಕುಕ್ಕಿತ್ತು. ಆದರೆ ವರ್ಷಾಂತ್ಯದಲ್ಲಿ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆಯುತ್ತ, ಗಣಕ ಲೋಕದಲ್ಲಿ ಆ ವರ್ಷದ ಅತಿಮುಖ್ಯ ಆವಿಷ್ಕಾರವೆಂದು ಆ ಲ್ಯಾಪ್‌ಟಾಪನ್ನು ಬಿಟ್ಟು ನಮ್ಮ ಸಿಂಪ್ಯೂಟರನ್ನು ಎತ್ತಿಹಿಡಿದರು. ನಮಗೆಲ್ಲ ಅದೆಷ್ಟು ಹೆಮ್ಮೆ!

ಆದರೆ ಹೆಮ್ಮೆಯಿಂದ ಕಾರ್ಖಾನೆಯ ಚಕ್ರ ತಿರುಗುವುದಿಲ್ಲ. ಬಂಡವಾಳ ಹುಡುಕುವುದರಲ್ಲಿ ಸುಮಾರು ಮೂರು ವರ್ಷಗಳು ಕಳೆದುಹೋದವು. ಕೊನೆಗೆ ಪ್ರಾಧ್ಯಾಪಕರೇ ಸ್ಥಾಪಿಸಿದ ಪಿಕೋಪೆಟಾ ಸಂಸ್ಥೆ ಮತ್ತು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕೈಜೋಡಿಸಿ, 2004ರ ಮಾರ್ಚ್ ಕೊನೆಯ ವಾರದಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದವು. ಕಪ್ಪು-ಬಿಳುಪು ಪರದೆಯ ಅಗ್ಗದ ಮಾದರಿಗೆ ಸುಮಾರು 10,000 ರೂಪಾಯಿ, ಬಣ್ಣದ ಪರದೆಯದಕ್ಕೆ ಸುಮಾರು 20,000.

ಈಗ ನನ್ನ ಕಥೆಗೆ ಬರುತ್ತೇನೆ. ಆ ವರ್ಷ ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಗಣಕಕ್ಕೆಂದೇ 40,000 ರೂಪಾಯಿ ಕೂಡಿಸಿ ಕೊಟ್ಟಿದ್ದರು. ಏನು ಕೊಳ್ಳಬೇಕೆಂದು ಶಿಫಾರಸು ಮಾಡುವ ಹೊಣೆ ನನ್ನ ಮೇಲೆ ಬಿತ್ತು. ಲ್ಯಾಪ್‌ಟಾಪಿನ ಮಾತೇ ಇರಲಿಲ್ಲ. ಒಂದಕ್ಕೂ ಆ ಹಣ ಸಾಲುತ್ತಿರಲಿಲ್ಲ. ಉಳಿದ ದಾರಿಗಳು ಎರಡು: ಪ್ರಿಂಟರ್ ಸಹಿತ ಒಂದು ಮೇಜುಗಣಕ, ಇಲ್ಲವೇ ನಾಲ್ಕು ಸಿಂಪ್ಯೂಟರ್‌ಗಳು. ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದ ಶಿಷ್ಯನೊಬ್ಬ, ಕನ್ನಡ ಉಚ್ಚಾರಣೆಯ ತಂತ್ರಾಂಶವನ್ನೂ ಅಳವಡಿಸಿಕೊಂಡು, ಒಂದು ಸಿಂಪ್ಯೂಟರನ್ನು ತೋರಿಸಲು ತಂದ. ಅರ್ಧ ಗಂಟೆ ಅದನ್ನು ತಿರುಗಿಸಿ ನೋಡಿ, ರಾತ್ರಿ ಮನೆಯಲ್ಲಿ ಕುಳಿತು ಪಟ್ಟಿ ಮಾಡಿದೆ.

ಗುಣಗಳ ಅಂಕಣದಲ್ಲಿ ಬರೆದದ್ದು: ಹಗುರ, ಬ್ಯಾಟರಿಯಿಂದ ನಡೆಯುತ್ತದೆ, ಆದ್ದರಿಂದ ವಿದ್ಯುತ್ ಹೋದರೂ ಪಾಠ ನಿಲ್ಲದು, ಕನ್ನಡ ಬಲ್ಲದು, ಯಂತ್ರವನ್ನು ವಾಲಿಸಿದರೆ ಪುಟ ತಿರುಗುತ್ತದೆ (ಇದರ ಮುಂದೆ ‘ಆಟಿಕೆ’ ಎಂದು ಷರಾ ಬರೆದಿದ್ದೇನೆ). ದೋಷಗಳ ಅಂಕಣ ಇದಕ್ಕಿಂತ ಉದ್ದ: ಪರದೆ ಚಿಕ್ಕದು, ಕೀಲಿಮಣೆ ಇಲ್ಲ, ಪ್ರೊಸೆಸರ್ 206 ಮೆಗಾಹರ್ಟ್ಸ್ ಮಾತ್ರ, ವಿಂಡೋಸ್ ಇಲ್ಲ, ಮಕ್ಕಳಿಗೆ ಬೇಕಾದ ಪಾಠಗಳು ಅದರಲ್ಲಿ ಇಲ್ಲ, ಮುಂದೆ ನೌಕರಿಗೆ ಉಪಯೋಗವಿಲ್ಲ. ಕೊನೆಗೆ ಕೆಂಪು ಶಾಯಿಯಲ್ಲಿ ನೂರಕ್ಕೆ 38 ಅಂಕ! ನನ್ನ ಶಿಫಾರಸಿನಂತೆ ಮೇಜುಗಣಕ ಬಂದಿತು.

ಆ ಅರ್ಧ ಗಂಟೆಯಲ್ಲಿ ನಡೆದ ಒಂದು ಸಂಗತಿ ಮಾತ್ರ ಪಟ್ಟಿಯಲ್ಲಿಲ್ಲ. ಯಂತ್ರ ಕನ್ನಡ ಮಾತನಾಡಿದ್ದನ್ನು ಕೇಳಿ ನಮ್ಮ ಶಾಲೆಯ ಆಯಾ ಪೊರಕೆಯನ್ನು ಬಾಗಿಲಿಗೆ ಒರಗಿಸಿ ಒಳಗೆ ಬಂದರು. ಅವರಿಗೆ ಓದು ಬರದು. ಆ ಒರಟು ದನಿಯನ್ನು ಎರಡು ಸಲ ಕೇಳಿಸಿಕೊಂಡು, “ಸಾರ್, ನಮ್ಮ ಪಾಣಿ ಕಾಗದಾನೂ ಇದು ಓದಿ ಹೇಳ್ತದಾ?” ಎಂದರು. ಹಳ್ಳಿಯಲ್ಲಿದ್ದ ಅವರ ತುಂಡು ಜಮೀನಿಗೆ ಸಂಬಂಧಿಸಿದ ಪಹಣಿಯಲ್ಲಿ ಯಾರ ಹೆಸರಿದೆಯೆಂಬುದನ್ನು ಅವರು ಸದಾ ಇನ್ನೊಬ್ಬರ ಬಾಯಿಂದಲೇ ಕೇಳಬೇಕಾಗಿತ್ತು. ಕೇಳಿದಾಗಲೆಲ್ಲ ಅವರಿಗೆ ಅನುಮಾನ. “ಇಲ್ಲಮ್ಮ, ಅಷ್ಟೆಲ್ಲ ಆಗದು” ಎಂದು ಹೇಳಿ ಕಳುಹಿಸಿಬಿಟ್ಟೆ. ಆ ಯಂತ್ರವನ್ನು ಯಾರಿಗಾಗಿ ಕಟ್ಟಲಾಗಿತ್ತೋ ಅಂಥವರೇ ಎದುರಿಗೆ ನಿಂತು ಪ್ರಶ್ನೆ ಕೇಳಿದ್ದರು. ನಾನು ಅದಕ್ಕೆ ಅಂಕವನ್ನೇ ಇಟ್ಟಿರಲಿಲ್ಲ.

ಇನ್ನು ನಮ್ಮ ಮೇಜುಗಣಕದ ಗತಿ. ಧೂಳು ಬೀಳದಿರಲೆಂದು ಹೊದಿಕೆ ಹೊದಿಸಿ, ಕೆಟ್ಟೀತೆಂದು ಬೀಗ ಹಾಕಿ ಇಟ್ಟೆವು. ವಾರಕ್ಕೊಮ್ಮೆ ನಲವತ್ತು ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದರು, ಮುಟ್ಟುತ್ತಿದ್ದವರು ಇಬ್ಬರೋ ಮೂವರೋ. ಆ ಸಾಲಿನಲ್ಲಿ ನಿಂತಿದ್ದ ಕೆಲವರು ಇದನ್ನು ಓದುತ್ತಿದ್ದೀರೆಂದು ಬಲ್ಲೆ. ಬೀಗದ ಕೈ ನನ್ನ ಬಳಿಯೇ ಇತ್ತು. ತಡವಾದರೂ ಕ್ಷಮೆ ಕೇಳುತ್ತೇನೆ.

ಹಾಗೆಂದು ಸಿಂಪ್ಯೂಟರಿನ ದೋಷಗಳನ್ನು ಈಗ ಮುಚ್ಚಿಟ್ಟರೆ ಅದು ಚರಿತ್ರೆಗೆ ದ್ರೋಹ. ಮಾರುಕಟ್ಟೆ ಅದಕ್ಕೆ ನನಗಿಂತಲೂ ಕಡಿಮೆ ಅಂಕ ಕೊಟ್ಟಿತು. 50,000 ಯಂತ್ರಗಳು ಮಾರಾಟವಾಗಬಹುದೆಂಬ ನಿರೀಕ್ಷೆಯಿತ್ತು. 2005ರ ಹೊತ್ತಿಗೆ ಹೋದದ್ದು ಸುಮಾರು 4,000. ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ ಅದನ್ನು ಬಳಸಿದ್ದುಂಟು, ಆದರೆ ಬೆಲೆ ಇಳಿಯುವಷ್ಟು ದೊಡ್ಡ ಬೇಡಿಕೆ ಎಲ್ಲಿಂದಲೂ ಬರಲಿಲ್ಲ. ಲಕ್ಷಗಟ್ಟಲೆ ತಯಾರಾದರೆ ಮಾತ್ರ ಅಗ್ಗ, ಅಗ್ಗವಾದರೆ ಮಾತ್ರ ಲಕ್ಷಗಟ್ಟಲೆ ಮಾರಾಟ! ಈ ಸುಳಿಯಿಂದ ಅದು ಹೊರಬರಲಿಲ್ಲ. ಅಷ್ಟರಲ್ಲಿ 2003ರಲ್ಲಿಯೇ ರಿಲಯನ್ಸ್ ಸಂಸ್ಥೆ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಫೋನ್ ಕೊಡತೊಡಗಿತ್ತು. ಫೋನಿಗೆ ಕನ್ನಡ ಓದಲು ಬಾರದಿದ್ದರೇನು, ಊರಿನಲ್ಲಿರುವ ಮಗಳ ದನಿಯನ್ನು ಅದು ಕೇಳಿಸುತ್ತಿತ್ತು. ಬಡವರು ತಮ್ಮ ಪಟ್ಟಿಯನ್ನು ತಾವೇ ಮಾಡಿಕೊಂಡಿದ್ದರು.

ಇಲ್ಲಿ ಇನ್ನೊಂದು ಯಂತ್ರವನ್ನು ನೆನೆಯಬೇಕು. ಅಮಿಡಾ ಬಿಡುಗಡೆಯಾದ ಮರುತಿಂಗಳೇ, 2004ರ ಏಪ್ರಿಲ್‌ನಲ್ಲಿ, ನಮ್ಮ ರಾಜ್ಯದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಎಲ್ಲ 543 ಲೋಕಸಭಾ ಕ್ಷೇತ್ರಗಳಲ್ಲಿಯೂ ವಿದ್ಯುನ್ಮಾನ ಮತಯಂತ್ರ ಬಳಕೆಯಾದ ಮೊದಲ ಮಹಾಚುನಾವಣೆ ಅದು. ಮೇಷ್ಟರಿಗೆ ಚುನಾವಣಾ ಕರ್ತವ್ಯ ತಪ್ಪೀತೇ? ನಾನೂ ಮತಗಟ್ಟೆಯೊಂದರಲ್ಲಿ ಕುಳಿತಿದ್ದೆ. ದೇಶದ ಮತಯಂತ್ರಗಳನ್ನು ತಯಾರಿಸುವ ಸಂಸ್ಥೆಗಳು ಎರಡೇ: ಹೈದರಾಬಾದಿನ ಇ.ಸಿ.ಐ.ಎಲ್. ಮತ್ತು ನಮ್ಮ ಬಿ.ಇ.ಎಲ್. ಸಿಂಪ್ಯೂಟರನ್ನು ತಯಾರಿಸಿದ ಸಂಸ್ಥೆಯೇ ಇದನ್ನೂ ತಯಾರಿಸಿತ್ತು.

ಮತಯಂತ್ರಕ್ಕೆ ನನ್ನ ಕೆಂಪು ಶಾಯಿಯಲ್ಲಿ ಎಷ್ಟು ಅಂಕ ಬರುತ್ತಿತ್ತು? ಪರದೆ ಇಲ್ಲವೆನ್ನುವಷ್ಟು ಸಣ್ಣದು, ಮಾತನಾಡದು, ‘ಬೀಪ್’ ಎನ್ನುವುದೊಂದೇ ಅದಕ್ಕೆ ಗೊತ್ತಿದ್ದ ಭಾಷೆ. ಆದರೂ ಅಕ್ಷರ ಬಾರದ ಅಜ್ಜಿಯರು ಚಿಹ್ನೆ ನೋಡಿ, ಗುಂಡಿ ಒತ್ತಿ, ಸದ್ದು ಕೇಳಿ, ನಿಶ್ಚಿಂತೆಯಿಂದ ಹೊರಗೆ ಹೋಗುತ್ತಿದ್ದುದನ್ನು ಇಡೀ ದಿನ ನೋಡಿದೆ. 1989-90ರಲ್ಲಿ ಕೊಂಡಾಗ ಅದರ ಬೆಲೆ ಸುಮಾರು 5,500 ರೂಪಾಯಿ. ಅದನ್ನು ತೆತ್ತದ್ದು ಚುನಾವಣಾ ಆಯೋಗ, ಅಂದರೆ ದೇಶ, ಮತದಾರನಲ್ಲ. ಅದಕ್ಕೆ ಕೆಲಸ ಒಂದೇ, ಕೊಳ್ಳುವವರೂ ಒಬ್ಬರೇ, ಬಳಸುವವರು ಮಾತ್ರ ಕೋಟ್ಯಂತರ. ಸಿಂಪ್ಯೂಟರಿನದು ಇದಕ್ಕೆ ವಿಲೋಮ: ಮಾಡಬಲ್ಲ ಕೆಲಸಗಳು ನೂರಾರು, ಆದರೆ ಇಂಥ ಕೆಲಸಕ್ಕೆ ಇಷ್ಟು ಬೇಕೆಂದು ಹಣ ಹಿಡಿದು ನಿಂತವರು ವಿರಳ. ಅಂದು ಪಹಣಿ ಕಾಗದವನ್ನು ಜನರಿಗೆ ಓದಿ ಹೇಳುವುದೇ ತನ್ನ ಕೆಲಸವೆಂದು ಯಾವುದಾದರೂ ಕಚೇರಿ ತೀರ್ಮಾನಿಸಿ ಹೋಬಳಿಗೊಂದು ಯಂತ್ರವನ್ನು ಇಟ್ಟಿದ್ದರೆ ಅದರ ಚರಿತ್ರೆ ಬೇರೆಯಾಗುತ್ತಿತ್ತೇನೋ.

ಮುಂದೆ ಬಂದ ಅಗ್ಗದ ಯಂತ್ರಗಳೂ ಇದೇ ಪಾಠ ಹೇಳಿದವು. ಅಮೆರಿಕದಲ್ಲಿ ರೂಪುಗೊಂಡ, ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯ ಗುರಿ 100 ಡಾಲರು. 2007ರಲ್ಲಿ ಯಂತ್ರ ತಯಾರಾಗುವ ಹೊತ್ತಿಗೆ ಬೆಲೆ ಅದರ ಎರಡರಷ್ಟರ ಸಮೀಪಕ್ಕೆ ಬಂದಿತ್ತು. ಭಾರತ ಸರ್ಕಾರ 2006ರಲ್ಲಿಯೇ ಅದನ್ನು ಬೇಡವೆಂದಿತ್ತು. 2011ರಲ್ಲಿ ನಮ್ಮದೇ ‘ಆಕಾಶ್’ ಟ್ಯಾಬ್ಲೆಟ್ ಅಬ್ಬರದಿಂದ ಬಂದಿತು. ನಿಧಾನದ ಪ್ರೊಸೆಸರ್, ಒತ್ತಿ ಒತ್ತಿ ಮುಟ್ಟಬೇಕಾದ ಪರದೆ ಎಂಬ ದೂರುಗಳ ನಡುವೆ ಮರೆಯಾಯಿತು. ಇತ್ತ ನಾನು ‘ಆಟಿಕೆ’ ಎಂದು ತಳ್ಳಿಹಾಕಿದ್ದ ಗುಣ, ವಾಲಿಸಿದರೆ ತಿರುಗುವ ಪರದೆ, 2007ರ ಐಫೋನಿನ ಬಳಿಕ ಜಗತ್ತಿನ ಎಲ್ಲ ಜೇಬುಗಳನ್ನೂ ಸೇರಿತು. ನಾನು ದೋಷವೆಂದು ಬರೆದಿದ್ದ ಕೀಲಿಮಣೆಯ ಅಭಾವ ಇಂದು ಯಾರಿಗೂ ದೋಷವೆನಿಸುವುದಿಲ್ಲ. ಕನ್ನಡವನ್ನು ಓದಿ ಹೇಳುವ ಫೋನುಗಳೂ ಈಗ ಸುಲಭವಾಗಿ ಸಿಗುತ್ತವೆ. ಆದರೆ ನಮ್ಮ ಆಯಾ ಅದನ್ನು ನೋಡುವ ಮೊದಲೇ ತೀರಿಕೊಂಡರು.

ಮೊನ್ನೆ ಆ ಶಿಷ್ಯರಿಗೆ ಫೋನು ಮಾಡಿ, ಅಂಕ ಹಾಕಲಾರೆನೆಂದೂ, ಪಟ್ಟಿಯನ್ನು ಮಗಳ ಕೈಗೇ ಕೊಟ್ಟು ಅವಳು ದಿನವೂ ಏನು ಮಾಡುತ್ತಾಳೆ, ಎಲ್ಲಿ ಕುಳಿತು ಮಾಡುತ್ತಾಳೆ ಎಂದು ಮೊದಲು ಕೇಳಬೇಕೆಂದೂ ಹೇಳಿದೆ. ಸಂಜೆ ಅವರ ಉತ್ತರ ಬಂದಿತು. ಹುಡುಗಿ ದಿನಕ್ಕೆ ಮೂರು ಗಂಟೆ ಕಾಲೇಜು ಬಸ್ಸಿನಲ್ಲಿ ಕಳೆಯುತ್ತಾಳಂತೆ; ಅಲ್ಲಿಯೇ ಓದಿಕೊಳ್ಳುತ್ತಾಳಂತೆ. ತಂದೆಯ ಪಟ್ಟಿಯಲ್ಲಿ ಬಸ್ಸಿನ ಪ್ರಸ್ತಾಪವೇ ಇರಲಿಲ್ಲ. ಹಗುರವಾದದ್ದನ್ನೇ ಕೊಳ್ಳಲು ತೀರ್ಮಾನಿಸಿದ್ದಾರೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಸಿಂಪ್ಯೂಟರ್ ಉಳಿದಿದ್ದರೆ ತಿಳಿಸಿ. ಒಮ್ಮೆ ಬಂದು ನೋಡುತ್ತೇನೆ; ಈ ಸಲ ಕೆಂಪು ಶಾಯಿಯ ಪೆನ್ನು ತರುವುದಿಲ್ಲ.