ಸ್ವಯಂಚಾಲಿತ ಮಾತು

ಯೋಚಿಸಿ ಜೋಡಿಸದೆ ತಾನಾಗಿ ಬಾಯಿಗೆ ಬರುವ ಮಾತು: ನಮಸ್ಕಾರ, ಬೈಗುಳ, ಮಗ್ಗಿ, ಬಾಯಿಪಾಠದ ಶ್ಲೋಕ. ದಿನನಿತ್ಯದ ಮಾತು ಎಷ್ಟರ ಮಟ್ಟಿಗೆ ಇಚ್ಛಾಪೂರ್ವಕ ಎಂಬ ಚರ್ಚೆಯಲ್ಲಿ ಇದು ಮುಖ್ಯ ಸಾಕ್ಷಿ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ನರರೋಗತಜ್ಞ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ (1835–1911) ಇದನ್ನು ಆಲೋಚಿಸಿ ಆಡುವ ಮಾತಿನಿಂದ ಬೇರ್ಪಡಿಸಿದ. ಮಿದುಳಿನ ಎಡಭಾಗ ಘಾಸಿಗೊಂಡು ಅಫೇಸಿಯಾಕ್ಕೆ, ಅಂದರೆ ಭಾಷಾಶಕ್ತಿ ಕುಂದುವ ಸ್ಥಿತಿಗೆ, ತುತ್ತಾದ ರೋಗಿಗೆ ಎದುರಿಗಿರುವ ಲೋಟದ ಹೆಸರು ಹೇಳಲಾಗದಿರಬಹುದು. ಅದು ಕೈಜಾರಿ ಬಿದ್ದರೆ ಬೈಗುಳ ಮಾತ್ರ ಸ್ಪಷ್ಟವಾಗಿ ಹೊರಡಬಹುದು. ‘ಐದು’ ಹೇಳೆಂದರೆ ತಡವರಿಸುವವರು ಒಂದರಿಂದ ಎಣಿಸುತ್ತ ಐದನ್ನು ಸಲೀಸಾಗಿ ದಾಟುವುದುಂಟು. ಆರೋಗ್ಯವಂತರು ಸೆಕೆಂಡಿಗೆ ಸುಮಾರು ಎರಡು-ಮೂರು ಪದ ಆಡುತ್ತಾರೆ. ಪ್ರತಿಯೊಂದನ್ನೂ ಆರಿಸಿಯೇ ಆಡುತ್ತಾರೆಂದು ನಂಬುವುದು ಕಷ್ಟ. ಇಚ್ಛೆಗೆ ಪಾತ್ರವೇ ಇಲ್ಲ ಎನ್ನುವುದೂ ಆತುರದ ತೀರ್ಮಾನ. ಬಾಯಿಗೆ ಬಂದ ತಪ್ಪು ಪದವನ್ನು ಅರ್ಧಕ್ಕೇ ತಡೆದು ತಿದ್ದಿಕೊಳ್ಳುವುದು ಎಲ್ಲ ಭಾಷಿಕರಲ್ಲೂ ಕಾಣುವ ಸಂಗತಿ.